ಯಾವಾಗ ಬಂದರೆ ಬಂದ ಹಾಗೆ

...ಅಥವಾ ಆ ಕೋಣೆಗೆ ಸಮುದ್ರದ ಕಡೆ ಕಿಟಕಿಯೇ ಇರಲಿಲ್ಲವೇನೋ. ನೆನಪಿನಲ್ಲಂತೂ ಇದೆ. ಬೆಳಗಿನ ಬಿಳಿ ಬೆಳಕು ಕರಿಹಲಗೆಯ ಮೇಲೆ ನೀರಿನಂತೆ ಅಲುಗುತ್ತದೆ, ನಾನು ಬರೆದ ಅಕ್ಷರಗಳು ಅದರಲ್ಲಿ ತೇಲುತ್ತವೆ. ತರಗತಿ ಇನ್ನೇನು ಮುಗಿಯಬೇಕು ಅನ್ನುವಾಗ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿರುತ್ತಾಳೆ. ಕೂದಲು ಒದ್ದೆ. ಈ ಒದ್ದೆ ಕೂದಲನ್ನೂ ನಾನು ಪೂರ್ತಿ ನಂಬುವುದಿಲ್ಲ. ಕಾರವಾರದ ನನ್ನ ನೆನಪುಗಳೆಲ್ಲ ಸ್ವಲ್ಪ ಒದ್ದೆಯಾಗಿಯೇ ಬರುತ್ತವೆ.

ನಂಬಬಹುದಾದದ್ದು ಇಷ್ಟು. ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಮೊದಲ ವರ್ಷ ಅದು. ಅಂಕೋಲೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದೆ. ಸೆಮಿಸ್ಟರಿನ ಮೊದಲ ದಿನ ವಿದ್ಯಾರ್ಥಿಗಳಿಗೆ ಕೋರ್ಸಿನ ಹಾಳೆಯೊಂದನ್ನು ಹಂಚಿದ್ದೆ. ಯಾವ ವಾರ ಯಾವ ಪಾಠ, ಓದಬೇಕಾದ ಪುಸ್ತಕ ಯಾವುದು, ಕಿರುಪರೀಕ್ಷೆ ಯಾವಾಗ, ಅಂಕ ಹೇಗೆ, ಎಲ್ಲ ಅದರಲ್ಲಿತ್ತು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರುವಂತಿಲ್ಲ ಎಂಬ ಸಾಲೂ ಇತ್ತು. ಇನ್ನೊಂದು ಅಕ್ಷರಕ್ಕೂ ಜಾಗವಿಲ್ಲ ಎಂದುಕೊಂಡಿದ್ದೆ.

ಹುಡುಗಿಯ ತಾಯಿ ಮೀನು ಮಾರುವವಳು. ಬೆಳಿಗ್ಗೆ ಬೈತಖೋಲ ಬಂದರಿನ ಮೀನು ಹರಾಜಿನಲ್ಲಿ ತಾಯಿಯ ಪರವಾಗಿ ದರ ಕೂಗಿ, ಬುಟ್ಟಿಗಳನ್ನು ಟೆಂಪೋಗೆ ಏರಿಸಿ, ಮನೆಗೆ ಹೋಗಿ ಮಿಂದು, ಆಮೇಲೆ ಅವಳು ಕಾಲೇಜಿಗೆ ಬರುತ್ತಿದ್ದಳು. ಇದೆಲ್ಲ ನನಗೆ ತಿಳಿದದ್ದು ನಂತರ. ಆಗ ನಾನು ಕಾಣುತ್ತಿದ್ದದ್ದು ಕೊನೆಯ ಬೆಂಚಿಗೆ ಸದ್ದಿಲ್ಲದೆ ಬಂದು ಕೂರುವ ಒಂದು ಮುಖವನ್ನು. ನಾನು ನಗುತ್ತಿದ್ದೆ, ಅವಳೂ ನಗುತ್ತಿದ್ದಳು. ಹಾಜರಿಯನ್ನು ನಾನು ಕರೆದು ಮುಗಿಸಿರುತ್ತಿದ್ದದ್ದು ತರಗತಿಯ ಆರಂಭದಲ್ಲೇ.

ಸೆಮಿಸ್ಟರಿನ ಕೊನೆಗೆ, ಹಾಜರಿ ಸಾಲದವರ ಪಟ್ಟಿಯಲ್ಲಿ ಅವಳ ಹೆಸರು ಬಂತು. ಪರೀಕ್ಷೆ ತಪ್ಪಿದರೆ ಅವಳಿಗೆ ಒಂದು ವರ್ಷವೇ ಹೋಗುತ್ತಿತ್ತು. ತಾಯಿಯನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದಳು.

"ಮೇಡಂ, ನಾ ಒಂದು ದಿನಾನೂ ತಪ್ಪಿಸ್ಲಿಲ್ಲ."

"ನೀನು ಬರೋದು ಗಂಟೆ ಹೊಡೆಯೋ ಹೊತ್ತಿಗಲ್ವಾ?"

"ಹೊಡೆಯೂದ್ರೊಳಗೆ ಬರ್ತಿದ್ದೆ ಅಲಾ."

ಅದರಲ್ಲಿ ವಾದವಿರಲಿಲ್ಲ. ಇಷ್ಟು ಸುಲಭದ್ದು ನಿಮಗೆ ಗೊತ್ತಿಲ್ಲವೇ ಎಂಬ ಆಶ್ಚರ್ಯವಿತ್ತು. ಆಮೇಲೆ ರಂಪಣಿಯ ಮಾತೆತ್ತಿದಳು. ದಂಡೆಯಲ್ಲಿ ನಿಂತು ಇಡೀ ಕೇರಿಯೇ ಎಳೆಯುವ ದೊಡ್ಡ ಬಲೆ ಅದು.

"ಬಲೆ ದಂಡೆ ಹೊಯ್ಗೆ ಮುಟ್ಟೂದ್ರೊಳಗೆ ಬಂದು ಹಗ್ಗ ಹಿಡಿದ್ರೆ ಪಾಲು ಉಂಟು, ಮೇಡಂ. ಹೆಸರು ಕೂಗೂದಿಲ್ಲ, ತಾಂಡೇಲ ಕಂಡ್ರೆ ಸಾಕು. ನೀವು ನನ್ನ ನೋಡಿ ನಗ್ತಿದ್ರಿ. ಲೆಕ್ಕಕ್ಕೆ ತಕಂಡ್ರಿ ಅಂದ್ಕೊಂಡೆ."

ಅಂದರೆ ಅವಳ ಮಟ್ಟಿಗೆ ತಾಂಡೇಲ, ಬಲೆಯ ಯಜಮಾನ, ನಾನೇ ಆಗಿದ್ದೆ.

"ಮತ್ತೆ ನಕ್ಕದ್ದು ಯಾಕೆ ಅಕ್ಕೋರೇ?" ತಾಯಿ ಕೇಳಿದಳು. "ಮೀನು ತಕಣದೇ ಹೋಗೂವ್ರೂ ನಮ್ಮ ನೋಡಿ ನಗ್ತ್ರು, ಅದು ಬೇರೆ." ಹಾಗೆಯೇ ಮಗಳ ಕಡೆ ತಿರುಗಿ, "ಹರಾಜಲ್ಲಿ ಅಷ್ಟು ದೊಡ್ಡ ಬಾಯಿ ನಿಂದು, ಇಲ್ಲಿಗೆ ಬಂದ್ರೆ ಮೂಕಿ. ಒಂದು ಮಾತು ಕೇಳೂಕಾಗ್ಲಿಲ್ವಾ?"

ಪಕ್ಕದ ಮೇಜಿನ ಹಿರಿಯ ಅಧ್ಯಾಪಕರು ನನ್ನ ಹಾಳೆ ಎತ್ತಿಕೊಂಡು ಓದಿದರು. "ತಡ ಆದ್ರೆ ಏನು ಅಂತ ಇದ್ರಲ್ಲಿ ಎಲ್ಲೂ ಇಲ್ವಲ್ಲ," ಅಂದರು. ಹಿಂದೆ ಇರಬಹುದೇನೋ ಎಂದು ತಿರುವಿ ನೋಡಿದರು. ಹಿಂಬದಿ ಖಾಲಿ.

ಅವರೇ ವಿಭಾಗದ ಮುಖ್ಯಸ್ಥರ ಹತ್ತಿರ ಮಾತಾಡಿದರು. ತಪ್ಪಿದ ಪಾಠಗಳನ್ನು ಪರೀಕ್ಷೆಗೆ ಮೊದಲೇ ನನ್ನಿಂದ ಕೇಳಿ ಮುಗಿಸಿದರೆ ಕೂರಬಹುದು ಎಂದಾಯಿತು. ಆಮೇಲಿನ ಮಧ್ಯಾಹ್ನಗಳು ನನ್ನಲ್ಲಿ ಒಂದೇ ಉದ್ದ ಮಧ್ಯಾಹ್ನವಾಗಿ ಉಳಿದಿವೆ. ಖಾಲಿ ಬೆಂಚುಗಳು, ನಿಧಾನ ತಿರುಗುವ ಫ್ಯಾನು, ಬಂದರಿನ ಕಡೆಯಿಂದ ಹಡಗೊಂದರ ಕೂಗು. ನಾನು ಹೋಗುವ ಮೊದಲೇ ಅವಳು ಬಂದು ಕೂತಿರುತ್ತಿದ್ದಳು. ಪಾಠ ಹೇಳುತ್ತಿದ್ದವಳು ನಾನೋ, ಆ ಫ್ಯಾನೋ ಎಂದು ಒಮ್ಮೊಮ್ಮೆ ಅನುಮಾನವಾಗುತ್ತದೆ.

ಒಂದು ದಿನ ಆ ಹಾಳೆಯನ್ನು ಅವಳ ಮುಂದಿಟ್ಟು, ಇನ್ನೇನು ಸೇರಿಸಬೇಕು ಎಂದು ಕೇಳಿದೆ.

"ಯಾವಾಗ ಬಂದ್ರೆ ಬಂದ ಹಾಗೆ, ಯಾವಾಗ ಬಂದ್ರೆ ಇಲ್ಲ, ಅದನ್ನ ಬರೀರಿ. ಬರೂಕಾಗ್ದಿದ್ರೆ ಯಾರ್ಗೆ ಹೇಳೂದು, ನೀವು ಎಲ್ಲಿ ಸಿಕ್ತ್ರಿ, ಅದನ್ನೂ." ಹಾಳೆಯನ್ನು ನನ್ನ ಕಡೆ ಸರಿಸಿ, "ನಗೂದ್ರ ಬಗ್ಗೆನೂ ಬರದ್ಬಿಡಿ," ಅಂದಳು.

ನಗುವಿನ ಬಗ್ಗೆ ಬರೆಯಲಿಲ್ಲ. ಉಳಿದದ್ದೆಲ್ಲ ಅಂದಿನಿಂದ ಪ್ರತಿ ಸೆಮಿಸ್ಟರಿನ ಹಾಳೆಯಲ್ಲಿ ಮೊದಲ ಸಾಲುಗಳಾಗಿವೆ. ಪುಸ್ತಕಗಳ ಹೆಸರು ಕೆಳಗೆ ಹೋಗಿದೆ. ಹಾಜರಿಯನ್ನು ಈಗ ತರಗತಿಯ ಕೊನೆಗೆ ಕರೆಯುತ್ತೇನೆ. ತಡವಾಗಿ ಬಂದವರ ಹೆಸರಿನ ಮುಂದೆ ಬೇರೆ ಗುರುತು ಹಾಕುತ್ತೇನೆ. ಆ ಗುರುತಿಗೆ ಏನರ್ಥ ಎಂಬುದೂ ಹಾಳೆಯಲ್ಲಿದೆ.

ಅವಳು ಪರೀಕ್ಷೆಗೆ ಕೂತಳು, ಪಾಸಾದಳು. ರಜೆಯಲ್ಲಿ ಬೈತಖೋಲಕ್ಕೆ ಹೋದಾಗ, ಬಲೆ ಹೊಲಿಯುತ್ತಿದ್ದವರನ್ನು ಆ ಹಗ್ಗದ ನಿಯಮದ ಬಗ್ಗೆ ಕೇಳಿದೆ. ಒಬ್ಬ ಮುದುಕ, "ಹೌದು, ಮೊದಲಿಂದ್ಲೂ ಉಂಟು," ಅಂದ. ಅವನ ಪಕ್ಕದವನು ತಲೆ ಎತ್ತದೆ, "ಹಾಂಗೆಂತದೂ ಇಲ್ಲ. ಎಳೆದವನಿಗೆ ಪಾಲು, ಕೊನೆಗೆ ಬಂದು ಮುಟ್ಟಿದವನಿಗೆ ಎಂತದು?" ಅಂದ. ಮೂರನೆಯವನು, "ಯಾರು ಹೇಳಿದ್ದು? ನಮ್ಮ ಹೆಣ್ಮಕ್ಕಳಾ? ಹಾಂಗಾರೆ ಉಂಟು," ಎಂದು ನಕ್ಕ.

ಅವಳು ಆ ನಿಯಮವನ್ನು ನಿಜವಾಗಿ ನಂಬಿಕೊಂಡು ದಿನವೂ ಬರುತ್ತಿದ್ದಳೋ, ಅಥವಾ ಆ ದಿನ ಸ್ಟಾಫ್ ರೂಮಿನಲ್ಲಿ ನನ್ನ ಮುಂದೆ ನಿಂತುಕೊಂಡೇ ಕಟ್ಟಿ ಹೇಳಿದಳೋ, ನನಗೆ ಗೊತ್ತಿಲ್ಲ. ಕೇಳಲು ಎಷ್ಟೋ ಮಧ್ಯಾಹ್ನಗಳಿದ್ದವು. ಕೇಳಲಿಲ್ಲ.