ಒಂದು ಮಂಚ, ಎರಡು ದಿಂಬು

ಬೆಳಕು ಹರಿಯುತ್ತಿದೆ. ಹೆಂಗಸರ ವಾರ್ಡಿನ ವರಾಂಡದಲ್ಲಿ ನೆಲದ ಮೇಲೆ ಮಲಗಿದವರ ನಡುವೆ ಜಾಗ ಹುಡುಕುತ್ತ ಆಯಾ ನೆಲ ಒರೆಸುತ್ತಿದ್ದಾರೆ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಇವರೆಲ್ಲ ಮಂಚ ಹತ್ತಿರುತ್ತಿದ್ದರು.

ಇರುವ ಮಂಚ ಇಪ್ಪತ್ತು, ರೋಗಿಗಳು ಮೂವತ್ತನಾಲ್ಕು. ಪಕ್ಕದ ಊರಿನ ಆಸ್ಪತ್ರೆಗೆ ಬೀಗ ಬಿದ್ದ ಮೇಲೆ ಅಲ್ಲಿಯವರಿಗೂ ಇದೇ ಗತಿ. ಒಂದೇ ಮಂಚದಲ್ಲಿ ಒಬ್ಬರ ತಲೆ ಇತ್ತ, ಇನ್ನೊಬ್ಬರ ತಲೆ ಅತ್ತ. ಯಾರಿಗೆ ಯಾರು ಜೋಡಿ ಎಂದು ಮದುವೆ ಸಂಬಂಧದಂತೆ ಕುದುರಿಸುವುದು ಈ ಆಯಾ. ಹಾಗಾಗಿ ಎಲ್ಲರ ಬಾಯಲ್ಲೂ ಇವರು 'ಬೀಗಿತ್ತಿ'.

"ಗೊರಕೆ ಹೊಡೆಯೋರ ಜೊತೆ ಕಿವಿ ಮಂದ ಇರೋರನ್ನ ಹಾಕ್ತೀನಿ. ನೇರವಾಗಿ ಕೇಳಿದ್ರೆ ಯಾರೂ ಜಾಗ ಬಿಡಲ್ಲ. 'ನೆಲ ಒರೆಸೋವರೆಗೆ ಇವರು ಇಲ್ಲೇ ಕೂತಿರ್ಲಿ' ಅಂತೀನಿ. ನೆಲ ಒಣಗೋದ್ರೊಳಗೆ ಇಬ್ಬರೂ ಸೊಸೆಯಂದಿರ ಸುದ್ದಿ ಶುರು ಮಾಡಿರ್ತಾರೆ."

ಗಂಡ ತೀರಿಕೊಂಡ ವರ್ಷ ದಿನಗೂಲಿಗೆ ಸೇರಿದವರು. ಕೆಲಸ ಇನ್ನೂ ಕಾಯಂ ಆಗಿಲ್ಲ, ಸೊಂಟನೋವು ಆಗಿದೆ.

ಇದೇ ಜಾಣತನ ಹೋದ ವರ್ಷ ತಿರುಗುಬಾಣವಾಯಿತು. ಹೊಸ ಮಂಚ ಬೇಕೋ ಬೇಡವೋ ನೋಡಲು ಮೇಲಿನವರು ಬರುತ್ತಾರೆಂದು ತಿಳಿದ ಬೀಗಿತ್ತಿ, ಮನೆಗೆ ನೆಂಟರು ಬರುವಂತೆ ಎಲ್ಲ ಒಪ್ಪ ಮಾಡಿದರು. ನೆಲದ ಮೇಲಿದ್ದವರನ್ನೆಲ್ಲ ಮಂಚ ಹತ್ತಿಸಿ ಹೊದಿಕೆ ಎಳೆದರು. ಬಂದವರು ಬಾಗಿಲಲ್ಲೇ ನಿಂತು ಖಾಲಿ ನೆಲ ನೋಡಿ ಹೊರಟರು. ಮಂಚಗಳು ಬೇರೆ ಊರಿನ ಪಾಲಾದವು. "ಒಂದು ವಾರ ಊಟ ಸೇರಲಿಲ್ಲ" ಎನ್ನುತ್ತಾರೆ.

ಇವತ್ತು ಮೇಲಿನವರು ಮತ್ತೆ ಬರುವ ದಿನ. "ಈ ಸಲ ಯಾರನ್ನೂ ಎಬ್ಬಿಸ್ಬೇಡ, ಅವರು ಕಣ್ಣಾರೆ ನೋಡ್ಲಿ" ಎಂದು ಹಿರಿಯ ನರ್ಸ್ ಹೇಳಿದ್ದಾರೆ. ಆದರೆ ಈಗಷ್ಟೇ ಬಂದ ಅಜ್ಜಿಯೊಬ್ಬರು ತಣ್ಣನೆಯ ನೆಲದಲ್ಲಿ ಗೋಡೆಗೊರಗಿ ಏದುಸಿರು ಬಿಡುತ್ತಿದ್ದಾರೆ. ಬೀಗಿತ್ತಿ ಎರಡು ಸಲ ನೋಡಿಯೂ ನೋಡದಂತೆ ದಾಟುತ್ತಾರೆ. ಮೂರನೆಯ ಸಲ ಆಗುವುದಿಲ್ಲ. ಕಿಟಕಿ ಪಕ್ಕ ಒಬ್ಬರೇ ಮಲಗಿದ್ದ ಟೀಚರಮ್ಮನ ಬಳಿ ಅಜ್ಜಿಯನ್ನು ಕರೆತಂದು, "ನೆಲ ಒರೆಸೋವರೆಗೆ ಅಮ್ಮಾ" ಎನ್ನುತ್ತಾರೆ. ಟೀಚರಮ್ಮ ಮುಖ ಸಿಂಡರಿಸಿಕೊಂಡೇ ಕಾಲು ಮಡಚಿಕೊಳ್ಳುತ್ತಾರೆ.

ಒಬ್ಬರನ್ನು ಹತ್ತಿಸಿದ ಮೇಲೆ ಉಳಿದವರನ್ನು ಬಿಡುವುದು ಹೇಗೆ? ಸ್ವಲ್ಪ ಹೊತ್ತಿನಲ್ಲೇ ನೆಲ ಖಾಲಿ. ನರ್ಸ್ ಹಣೆ ಚಚ್ಚಿಕೊಳ್ಳುತ್ತಾರೆ. "ಅಜ್ಜೀನ ನೆಲದಲ್ಲಿ ಕೂರಿಸಿ ತೋರಿಸೋಕೆ ಮನಸ್ಸು ಬರಲಿಲ್ಲ ಸಿಸ್ಟರ್" ಎನ್ನುತ್ತಾರೆ ಬೀಗಿತ್ತಿ.

ಮೇಲಿನವರು ಬರುತ್ತಾರೆ. ಬಾಗಿಲಲ್ಲೇ ನಿಂತು ಕಣ್ಣಾಡಿಸಿ ಹಿಂತಿರುಗುತ್ತಾರೆ. ಅಧಿಕಾರಿಗಳೆದುರು ಎಂದೂ ಬಾಯಿಬಿಡದ ಬೀಗಿತ್ತಿ ಒರೆಸುವ ಕೋಲು ಹಿಡಿದೇ ಅಡ್ಡ ನಿಲ್ಲುತ್ತಾರೆ.

"ನೆಲ ನೋಡ್ಕೊಂಡು ಹೋಗ್ಬೇಡಿ ಸಾರ್. ಒಳಗೆ ಬನ್ನಿ. ಮಂಚದ ಎರಡೂ ಕಡೆ ತಲೆ ಎಣಿಸಿ."