ತಂಗಿಗೆ ಕೊಂಡ ಕೊರಮೀನು

ಮುಳಬಾಗಿಲಿಗೆ ಹೊರಟ ಬಸ್ಸು ಕೆರೆ ಏರಿಯ ಮೇಲೆ ಕೆಟ್ಟು ನಿಂತಿತು. ಅಲ್ಲಿ ಒಬ್ಬ ಅಜ್ಜಿ ಮೀನು ಮಾರುತ್ತಿದ್ದಳು. ಬಸುರಿ ತಂಗಿಗೆ ಎಂದು ಹೇಳಿ ದೊಡ್ಡದೊಂದು ಕೊರಮೀನು ಆರಿಸಿದೆ. ಬೆಂಗಳೂರಿನ ಸಾಹೇಬರೊಬ್ಬರು ಪರೀಕ್ಷೆಗೆಂದು ಐಸ್ ಡಬ್ಬಿಗೆ ಮೀನು ತುಂಬಿಸುತ್ತಿದ್ದರು.

“ಅದು ಬೇಡಪ್ಪ. ಮಣ್ಣು ತೊಳೆದು ಚಿನ್ನ ತೆಗೆಯೋರ ಪಾದರಸ ಈ ಕೆರೆಗೆ ಸೇರುತ್ತೆ. ಸಣ್ಣ ಮೀನಲ್ಲಿರೋದೆಲ್ಲ ಅವನ್ನ ತಿನ್ನೋ ದೊಡ್ಡ ಮೀನಲ್ಲಿ ಕೂಡಿಕೊಳ್ಳುತ್ತೆ. ಬಸುರಿಗಂತೂ ಕೊಡಲೇಬೇಡ,” ಎಂದರು.

ಅಜ್ಜಿ ನಕ್ಕಳು. “ಹಂಗಿದ್ರೆ ಇಷ್ಟೊತ್ತಿಗೆ ನಾನೇ ಜ್ವರ ನೋಡೋ ಕಡ್ಡಿ ಆಗೋಗಿರ್ತಿದ್ದೆ, ಸಾಮಿ!”

ದೊಡ್ಡ ಮೀನೇ ಒಳ್ಳೆಯದೆಂದು ನಾನು ಇಷ್ಟು ದಿನ ತಿಳಿದಿದ್ದೆ. ಸಾಹೇಬರ ಮಾತು ಅರ್ಥವಾಯಿತು. ಆದರೂ ಸಣ್ಣ ಮೀನು ಹಿಡಿದು ಹೋದರೆ ತಂಗಿಯ ಅತ್ತೆ ಮನೆಯವರು ಆಡಿಕೊಳ್ಳುತ್ತಾರೆಂದು ಕೊರಮೀನನ್ನೇ ಕೊಂಡೆ.

ತಂಗಿ ಅದನ್ನು ಎತ್ತಿ ನೋಡಿ ಹಿಗ್ಗಿದಳು. ಆಮೇಲೆ, “ಆ ಪಾದರಸದ ಕೆರೇದಲ್ಲ ತಾನೇ, ಅಣ್ಣಾ?” ಎಂದಳು.

ಅವಳ ಅತ್ತೆ ಅಲ್ಲೇ ಮಸಾಲೆ ಅರೆಯುತ್ತಿದ್ದರು. ನಾನು ಬೇರೆ ಕೆರೆಯ ಹೆಸರು ಹೇಳಿದೆ.

ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಮೀನಿನ ಸಾರು ಕುದಿಯುತ್ತಿದೆ. ಎದ್ದು ಹೋಗಿ ನಿಜ ಹೇಳಲು ಇನ್ನೂ ಹೊತ್ತಿದೆ.