ಅಕ್ಕ ಓದಿದ ಮೊದಲ ಅಧ್ಯಾಯ

ಮೊಮ್ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಡಿಸೆಂಬರ್ ಒಂದನೇ ತಾರೀಖಿನ ಸಂಜೆಯೇ ಕ್ರಿಸ್‌ಮಸ್ ಶುರುವಾಗಿಬಿಡುತ್ತಿತ್ತು. ಅವತ್ತಿನಿಂದ ಹಬ್ಬದವರೆಗೂ ದಿನಾ ದೀಪ ಹಚ್ಚಿದ ಮೇಲೆ ಎಲ್ಲರೂ ಚಾಪೆಯ ಮೇಲೆ ಕೂತು ಸತ್ಯವೇದದ ಒಂದು ಅಧ್ಯಾಯ ಓದಬೇಕು. ಪಾದ್ರಿಗಳು ಅದನ್ನು ಆಗಮನ ಕಾಲ ಎನ್ನುತ್ತಿದ್ದರು. ಅವ್ವ ಮಾತ್ರ 'ದಾರಿ ಕಾಯೋ ತಿಂಗಳು' ಎನ್ನುತ್ತಿದ್ದಳು. ಮನೆಗೆ ಬಾಣಂತಿ, ಕೂಸು ಬರುವುದಿದ್ದರೆ ಮೊದಲೇ ಮೂಲೆಮೂಲೆ ಗುಡಿಸಿ, ಕೌದಿ ಒಗೆದು ಒಣಗಿಸಿ, ನೀರೊಲೆಗೆ ಕಟ್ಟಿಗೆ ಕೂಡಿಹಾಕುವುದಿಲ್ಲವೇ? ಯೇಸುಕೂಸಿಗೂ ಹಾಗೆಯೇ ಎಂದು ಅವಳ ಲೆಕ್ಕ. ಹೊರಗಿನದನ್ನೆಲ್ಲ ಅವಳು ಗುಡಿಸುತ್ತಿದ್ದಳು. ಒಳಗಿನದನ್ನು ಗುಡಿಸಲು ಅಪ್ಪ ಓದುತ್ತಿದ್ದ.

ನಮ್ಮದು ಕೊಟ್ಟೂರಿನ ರೈಲು ನಿಲ್ದಾಣದ ಪಕ್ಕದಲ್ಲಿದ್ದ ತಗಡಿನ ಚಾವಣಿಯ ಮನೆ. ಅಪ್ಪನಿಗೆ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸ. ಬೆಳಗಾದರೆ ಹೆಗಲ ಮೇಲೆ ಉದ್ದ ಹಿಡಿಕೆಯ ಸುತ್ತಿಗೆ, ಕಂಕುಳಲ್ಲಿ ಸುತ್ತಿದ ಬಾವುಟಗಳನ್ನು ಇಟ್ಟುಕೊಂಡು ಹಗರಿಬೊಮ್ಮನಹಳ್ಳಿಯ ಕಡೆಗೆ ಹಳಿಗುಂಟ ನಡೆದುಬಿಡುತ್ತಿದ್ದ. ಸಡಿಲಾದ ಬೆಣೆಗಳನ್ನು ಬಡಿದು ಬಿಗಿ ಮಾಡುತ್ತಾ ಹೋಗಿ, ಬಡಿಯುತ್ತಲೇ ತಿರುಗಿ ಬರುತ್ತಿದ್ದ. ಸಂಜೆ ಅವನ ಪಕ್ಕ ಕೂತರೆ ಕಲ್ಲಿದ್ದಲ ಹೊಗೆ ಮತ್ತು ಕಬ್ಬಿಣದ ತುಕ್ಕಿನ ವಾಸನೆ ಬರುತ್ತಿತ್ತು. ನನಗೆ ಆಗಮನ ಕಾಲದ ವಾಸನೆ ಎಂದರೆ ಇವತ್ತಿಗೂ ಅದೇ.

ಅಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಗೋಡೆಯ ಆಚೆ ನಾವು ಚಾಚಾ, ಚಾಚಿ ಎಂದು ಕರೆಯುತ್ತಿದ್ದ ಮುಸ್ಲಿಂ ದಂಪತಿಯ ಮನೆ. ಚಾಚಾ ಎಂಜಿನ್ನಿಗೆ ನೀರು ತುಂಬುವ ಪಂಪಿನ ಮೆಕ್ಯಾನಿಕ್ ಆಗಿದ್ದರು. ನಮ್ಮ ಹಾಡು ಅವರಿಗೆ ಕೇಳಿಸುತ್ತಿತ್ತು, ಅವರ ನಮಾಜು ನಮಗೆ ಕೇಳಿಸುತ್ತಿತ್ತು. ಅವ್ವನೂ ಚಾಚಿಯೂ ಸಾರಿನ ಬಟ್ಟಲುಗಳನ್ನು ಆ ಗಿಡ್ಡ ಗೋಡೆಯ ಮೇಲಿಂದಲೇ ಆಚೆ ಈಚೆ ದಾಟಿಸುತ್ತಿದ್ದರು.

ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓದುವವನು ಅಪ್ಪ ಒಬ್ಬನೇ. ಅವ್ವನಿಗೆ ಅಕ್ಷರ ಗೊತ್ತಿರಲಿಲ್ಲ. ಗುಡೇಕೋಟೆಯಿಂದ ಬಂದು ನಮ್ಮ ಜೊತೆಗಿದ್ದ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಕಣ್ಣು ಮಂಜಾಗಿದ್ದವು. ನಾನಿನ್ನೂ ಒತ್ತಕ್ಷರದ ಜೊತೆ ಗುದ್ದಾಡುತ್ತಿದ್ದೆ. ಉಳಿದವಳು ಅಕ್ಕ. ನನಗಿಂತ ಐದಾರು ವರ್ಷ ದೊಡ್ಡವಳು. ಮಂಡಕ್ಕಿ ಕಟ್ಟಿಕೊಟ್ಟ ಪೊಟ್ಟಣದ ಕಾಗದವನ್ನೂ ಬಿಡದೆ ಬಿಡಿಸಿ ಓದುತ್ತಿದ್ದಳು, ಆದರೆ ಬರೀ ಕಣ್ಣಿನಲ್ಲಿ. ಬಾಯಿಬಿಟ್ಟು ಓದಲು ಹೊರಟರೆ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅವಳಿಗೆ ಉಗ್ಗು ಇತ್ತು. ಶಾಲೆಯಲ್ಲಿ ಪಾಠ ಓದಿಸುವಾಗ ಮೇಷ್ಟ್ರು ಅವಳನ್ನು ದಾಟಿ ಪಕ್ಕದವಳನ್ನು ಎಬ್ಬಿಸುತ್ತಿದ್ದರು. ಪಾಪ, ಅವಳಿಗೆ ನೋವಾಗಬಾರದೆಂದೇ ಹಾಗೆ ಮಾಡುತ್ತಿದ್ದರು. ಅಕ್ಕನಿಗೆ ಅದೇ ನೋವಾಗುತ್ತಿತ್ತು. ಬಾವಿಯ ಹತ್ತಿರ ಯಾರೋ ಹೆಂಗಸು 'ಏನು ಪಾಪದ ಫಲವೋ' ಎಂದದ್ದನ್ನೂ ಅವಳು ಕೇಳಿಸಿಕೊಂಡು ಬಂದಿದ್ದಳು.

ಅಪ್ಪ ಮಾತ್ರ ಪುಸ್ತಕ ತೆರೆಯುವ ಮೊದಲು ಪ್ರತಿ ಸಲವೂ ಅವಳ ಕಡೆ ನೋಡಿ, "ನೀ ಓದ್ತಿಯೇನವ್ವ?" ಎಂದು ಕೇಳುತ್ತಿದ್ದ. ಅಕ್ಕ ತಲೆ ಅಲ್ಲಾಡಿಸುತ್ತಿದ್ದಳು. "ಆಗ್ಲಿ ಬಿಡು, ನಾಳಿ ನೋಡೋಣಂತ" ಎಂದು ಅಪ್ಪ ತಾನೇ ಓದಲು ಶುರು ಮಾಡುತ್ತಿದ್ದ.

ಆ ವರ್ಷದ ಡಿಸೆಂಬರ್ ಒಂದನೇ ತಾರೀಖು ಮಧ್ಯಾಹ್ನವೇ ಕತ್ತಲಾಯಿತು. ನಮ್ಮ ಕಡೆ ಆ ತಿಂಗಳಲ್ಲಿ ಮಳೆ ಬರುವುದಿಲ್ಲ. ಜೋಳ ತೆನೆ ಕಟ್ಟಿ ನಿಂತಿರುತ್ತದೆ, ಅಂಗಳದಲ್ಲಿ ಶೇಂಗಾ ಒಣಗುತ್ತಿರುತ್ತದೆ, ಬೆಳಗಿನ ಚಳಿಗೆ ತುಟಿ ಒಡೆದಿರುತ್ತದೆ, ಅಷ್ಟೇ. ಆದರೆ ಅವತ್ತು ಸಮುದ್ರದ ಕಡೆ ಎಲ್ಲೋ ಗಾಳಿ ಎದ್ದಿದೆಯೆಂದು ನಿಲ್ದಾಣದಲ್ಲಿ ಹೇಳುತ್ತಿದ್ದರು. ಮೊದಲು ಮಣ್ಣಿನ ಘಮ ಬಂತು. ಆಮೇಲೆ ತಗಡಿನ ಮೇಲೆ ಹಿಡಿ ಹಿಡಿ ಕಾಳು ಸುರಿದಂತೆ ಮಳೆ ಬಿತ್ತು. ಅವ್ವ, ಅಕ್ಕ, ನಾನು ಶೇಂಗಾವನ್ನು ಮೊರದಲ್ಲಿ ಬಾಚಿ ಒಳಗೆ ತಂದು ಹಾಕುವಷ್ಟರಲ್ಲಿ ತೊಯ್ದು ತೊಪ್ಪೆಯಾದೆವು. ಒಲೆಯ ಮುಂದೆ ಕೂತು ಮೈ ಕಾಯಿಸಿಕೊಳ್ಳುವಾಗ ನನಗೆ ಖುಷಿಯೋ ಖುಷಿ. ಅವ್ವ ಮಾತ್ರ ಬಾಗಿಲಿನ ಕಡೆಯೇ ನೋಡುತ್ತಿದ್ದಳು.

ಹೊತ್ತು ಮುಳುಗಿತು. ಅಪ್ಪ ಬರಲಿಲ್ಲ. ದಿನಾ ನಾವು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕೂಗುತ್ತಿದ್ದ ಸಂಜೆಯ ರೈಲೂ ಕೂಗಲಿಲ್ಲ. ಚಾಚಾ ಗೋಣಿಚೀಲವನ್ನು ತಲೆಗೆ ಹೊದ್ದು ನಿಲ್ದಾಣಕ್ಕೆ ಓಡಿಹೋಗಿ ವಿಚಾರಿಸಿಕೊಂಡು ಬಂದರು. "ಗಾಡಿ ಹಗರಿಬೊಮ್ಮನಹಳ್ಳಿ ಬಿಟ್ಟೈತಂತ. ಇಲ್ಲಿಗಂತೂ ಬಂದಿಲ್ಲ. ನಡುವೆ ಎಲ್ಲಿ ನಿಂತೈತೋ ತಿಳಿವಲ್ದು" ಎಂದರು. ಆಮೇಲೆ ಅವ್ವನ ಮುಖ ನೋಡಿ, "ಚಿಂತಿ ಮಾಡಬ್ಯಾಡ್ರಿ, ನಾವು ನಾಕು ಮಂದಿ ಕಂದೀಲು ಹಿಡಕೊಂಡು ಹೊಂಟೀವಿ" ಎಂದು ಹಳಿಯ ಕಡೆ ನಡೆದರು. ಚಾಚಿ ತನ್ನ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಅವ್ವನ ಪಕ್ಕ ಕೂತಳು. ಅವ್ವನ ಬೆನ್ನ ಮೇಲೆ ಕೈ ಇಟ್ಟಳು.

ಹೊರಸಿನ ಮೇಲೆ ಕಂಬಳಿ ಹೊದ್ದು ಕೂತಿದ್ದ ಅಜ್ಜಿ ಒಮ್ಮೆಲೇ ಕೇಳಿದಳು, "ದೀಪ ಹಚ್ಚಿದ್ರೇನು? ಪುಸ್ತಕ ತಗೀರಿ ಮತ್ತ."

"ಅವ್ರ ಬಂದಿಲ್ಲತ್ತಿ. ಯಾರು ಓದ್ತಾರ?" ಎಂದಳು ಅವ್ವ.

"ಅವ ಬರೋತನಕ ಸುಮ್ಮನ ಕುಂತ್ರ ಎದಿ ಒಡೀತೈತಿ. ಯಾರರ ಓದ್ರಿ" ಎಂದಳು ಅಜ್ಜಿ.

ನಾನು ಧೈರ್ಯ ಮಾಡಿ ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡೆ. ಅವತ್ತು ಓದಬೇಕಾಗಿದ್ದದ್ದು ಲೂಕನ ಸುವಾರ್ತೆಯ ಮೊದಲನೇ ಅಧ್ಯಾಯ. ಅದರ ಮೊದಲ ಸಾಲಿನಲ್ಲೇ ಒತ್ತಕ್ಷರಗಳ ದೊಡ್ಡ ದಿಬ್ಬಣ ನಿಂತಿತ್ತು. ಎರಡು ಪದ ಹೇಳುವಷ್ಟರಲ್ಲಿ ನನ್ನ ಗಾಡಿ ನಿಂತಿತು. ಆಗ ಪಕ್ಕದಿಂದ ಒಂದು ಕೈ ಬಂದು ಪುಸ್ತಕವನ್ನು ಮೆಲ್ಲಗೆ ಎತ್ತಿಕೊಂಡಿತು. ಅಕ್ಕನ ಕೈ.

ಅವಳು ಕಂದೀಲಿನ ಹತ್ತಿರ ಸರಿದು ಓದತೊಡಗಿದಳು. ಒಂದೊಂದು ಪದವೂ ಹೊರಗೆ ಬರುವ ಮೊದಲು ಅವಳ ಕುತ್ತಿಗೆಯ ನರ ಉಬ್ಬುತ್ತಿತ್ತು. ಕೆಲವು ಪದಗಳು ಹಾಗೇ ಜಾರಿಕೊಂಡು ಬಂದವು. ಕೆಲವು ಬರಲೇ ಇಲ್ಲ. ಮುದಿ ಯಾಜಕನ ಹೆಸರು ಬಂದಾಗ ಅವಳು ಪೂರ್ತಿ ನಿಂತುಬಿಟ್ಟಳು. "ಜ... ಜ... ಜ..." ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಯಾರೂ ಪದ ಹೇಳಿಕೊಡಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿಕೊಳ್ಳುವುದು ನನಗೆ ಕಾಣಿಸಿತು. ಕೊನೆಗೆ ಒಂದು ದೊಡ್ಡ ಉಸಿರಿನ ಜೊತೆ "ಜಕರೀಯ" ಎಂಬ ಹೆಸರು ಹೊರಗೆ ಬಂತು.

ಚಾಚಿ ತಟ್ಟನೆ ತಲೆಯೆತ್ತಿದಳು. "ಜಕರಿಯಾ? ಹಣ್ಣು ಹಣ್ಣು ಮುದುಕ, ಮಕ್ಕಳಿಲ್ಲ ಅಂತ ದೇವ್ರನ್ನ ಕೇಳಕೋತಿದ್ದ, ಅವ್ರೇನು? ನಮ್ಮ ಕುರಾನಿನ್ಯಾಗೂ ಅದಾರ ಬೇಟಿ ಅವ್ರು! ಓದವ್ವ, ಓದು, ಮುಂದೇನಾತು?"

ಅಕ್ಕನಿಗೆ ಯಾರೂ ಎಂದೂ 'ಮುಂದೇನಾತು' ಎಂದು ಕೇಳಿರಲಿಲ್ಲ. ಅವಳು ಮೂಗು ಒರೆಸಿಕೊಂಡು ಮುಂದಕ್ಕೆ ಓದಿದಳು. ಮುದುಕ ಧೂಪ ಹಾಕಲು ದೇವಾಲಯದ ಒಳಗೆ ಹೋದ. ದೇವದೂತ ಬಂದು, ನಿನಗೆ ಮಗ ಹುಟ್ಟುತ್ತಾನೆ ಎಂದ. ಮುದುಕ ನಂಬಲಿಲ್ಲ. ಅವನ ಮಾತು ನಿಂತುಹೋಯಿತು. ಹೊರಗೆ ಕಾಯುತ್ತಿದ್ದ ಜನರಿಗೆ ಬರೀ ಕೈಸನ್ನೆ ಮಾಡಿದ. ಅಷ್ಟು ಓದಿ ಅಕ್ಕ ಸುಮ್ಮನಾದಳು. ಈ ಸಲ ಪದ ಸಿಕ್ಕಿಕೊಂಡಿರಲಿಲ್ಲ. ಅವಳು ಪುಸ್ತಕದಿಂದ ಕಣ್ಣು ತೆಗೆದು ಅವ್ವನನ್ನು ನೋಡುತ್ತಿದ್ದಳು.

"ಅವ... ಅವ ನಂಬಲಿಲ್ಲಂತ ಮಾತು ಹೋತು. ನಾ... ನಾ ಏನು ಮಾಡೀನವ್ವ?"

ಅಷ್ಟು ದಿನ ಅವಳು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆ ಅದು ಎಂದು ನನಗೆ ಆಗ ತಿಳಿಯಲಿಲ್ಲ. ಅವ್ವನಿಗೆ ತಿಳಿಯಿತು. ಅವಳು ಎದ್ದು ಹೋಗಿ ಅಕ್ಕನ ಮುಂದೆ ಕೂತು, ಎರಡೂ ಅಂಗೈಗಳಲ್ಲಿ ಅವಳ ಮುಖ ಹಿಡಿದುಕೊಂಡಳು.

"ನೀ ಏನೂ ಮಾಡಿಲ್ಲ. ಯಾರು ಅಂದ್ರವ್ವ ನಿನಗ? ಅವ್ನ ಮಾತು ಹೋಗಿತ್ತು. ನಿನ್ನ ಮಾತು ಎಲ್ಲಿಗೂ ಹೋಗಿಲ್ಲ, ತಡಾ ಮಾಡಿ ಬರತೈತಿ, ಅಷ್ಟ. ತಡಾ ಆದ್ರ ಬರಂಗಿಲ್ಲ ಅಂತೇನು? ನಿಮ್ಮಪ್ಪನೂ ಇವತ್ತು ತಡಾ ಮಾಡ್ಯಾರ..." ಅಷ್ಟು ಹೇಳುವಷ್ಟರಲ್ಲಿ ಅವ್ವನಿಗೆ ತಡೆಯಲಾಗಲಿಲ್ಲ, ಬಿಕ್ಕಿ ಅತ್ತುಬಿಟ್ಟಳು. ಅಕ್ಕ ತನ್ನ ಲಂಗದ ಅಂಚಿನಿಂದ ಅವ್ವನ ಕಣ್ಣು ಒರೆಸಿದಳು. ಆಮೇಲೆ ಯಾರೂ ಹೇಳದಿದ್ದರೂ ಪುಸ್ತಕ ತೆಗೆದುಕೊಂಡು ಮುಂದಿನ ಸಾಲಿನ ಮೇಲೆ ಬೆರಳಿಟ್ಟಳು.

ಅದು ಬಹಳ ಉದ್ದದ ಅಧ್ಯಾಯ. ಅಕ್ಕನ ಓದಿನಲ್ಲಿ ಇನ್ನೂ ಉದ್ದವಾಯಿತು. ಮರಿಯಳ ಹತ್ತಿರ ದೇವದೂತ ಬಂದ. ಮರಿಯಳು ಬೆಟ್ಟದ ಸೀಮೆಗೆ ನಡೆದುಹೋಗಿ ಮುದುಕನ ಹೆಂಡತಿ ಎಲಿಸಬೇತಳ ಮನೆ ಸೇರಿದಳು. ಚಾಚಿಯ ಕೂಸು ನಿದ್ದೆ ಹೋಯಿತು. ಮಳೆಯ ಸದ್ದು ಸಣ್ಣದಾಯಿತು. ಮುದುಕನಿಗೆ ಮಗ ಹುಟ್ಟಿದ, ಹೆಸರಿಡುವ ದಿನ ಬಂತು, ಯೋಹಾನನೆಂಬ ಹೆಸರನ್ನು ಮುದುಕ ಹಲಗೆಯ ಮೇಲೆ ಬರೆದ, ಅವನ ನಾಲಿಗೆ ಸಡಿಲವಾಯಿತು. ಅಷ್ಟು ಓದಿದಾಗ ಹೊರಗೆ ಯಾರೋ ಕೆಮ್ಮಿದಂತಾಯಿತು.

ಅವ್ವ ಓಡಿ ಹೋಗಿ ಬಾಗಿಲು ತೆಗೆದಳು. ಗೋಡೆಗೆ ಒರಗಿಕೊಂಡು ಅಪ್ಪ ನಿಂತಿದ್ದ. ಮೊಣಕಾಲಿನವರೆಗೆ ಕೆಸರು, ತಲೆಯಿಂದ ನೀರು ಇಳಿಯುತ್ತಿತ್ತು, ತುಟಿ ನೀಲಿಯಾಗಿತ್ತು.

"ಹೊರಗ ನಿಂತು ಏನ್ ಮಾಡಾಕ್ಹತ್ತೀರಿ? ಇಲ್ಲಿ ನಮ್ಮ ಜೀವ ಬಾಯಿಗೆ ಬಂದೈತಿ!" ಎಂದು ಅವ್ವ ಅಳುತ್ತಲೇ ಬೈದಳು.

"ಬಾಗಿಲು ತೆಗದ್ರ ಅಕಿ ನಿಲ್ಲಿಸಿಬಿಡ್ತಿದ್ಲು" ಎಂದ ಅಪ್ಪ. "ಎರಡು ಮಾತು ಕೇಳಿ ಒಳಗ ಬಂದ್ರಾತು ಅಂತ ನಿಂತೆ."

ಒಲೆಯ ಮುಂದೆ ಕೂರಿಸಿ ಅವ್ವ ಅವನ ತಲೆ ಒರೆಸುವಾಗ ಅಪ್ಪ ನಡೆದದ್ದನ್ನು ಹೇಳಿದ. ಹಳ್ಳದ ಹತ್ತಿರ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿತ್ತು. ಹಳಿ ಬರೀ ಗಾಳಿಯಲ್ಲಿ ತೂಗುತ್ತಿತ್ತು. ಸಂಜೆಯ ಗಾಡಿ ಬರುವ ಹೊತ್ತಾಗಿತ್ತು. ಅಪ್ಪ ಸುತ್ತಿಗೆ ಬಿಸಾಕಿ, ಕೆಂಪು ಬಾವುಟ ಬೀಸುತ್ತಾ ಗಾಡಿ ಬರುವ ದಿಕ್ಕಿಗೆ ಓಡಿದ್ದ. ಮಳೆಯಲ್ಲಿ ಬಾವುಟ ಕಾಣುತ್ತದೋ ಇಲ್ಲವೋ ಎಂದು ಬಾಯಿಬಿಟ್ಟು ಕೂಗಿಯೂ ಕೂಗಿದ್ದ. ಡ್ರೈವರನ ಕಣ್ಣಿಗೆ ಬಿತ್ತು. ಗಾಡಿ ನಿಂತಿತು, ಮೆಲ್ಲಗೆ ಹಿಂದಕ್ಕೆ ಹೋಯಿತು. ಚಾಚಾ ಮತ್ತು ಉಳಿದವರು ಬಂದು ಕಾವಲು ನಿಂತ ಮೇಲೆ ಅಪ್ಪ ಮನೆಯ ಕಡೆ ನಡೆದಿದ್ದ. ಒಂದು ಗಾಡಿಯ ತುಂಬ ಜನ ಅವತ್ತು ಬದುಕಿ ಉಳಿದರು. ಅಪ್ಪ ಅದನ್ನು ಸಂತೆಯಿಂದ ಬದನೆಕಾಯಿ ತಂದಷ್ಟೇ ಸುಲಭವಾಗಿ ಹೇಳಿ ಮುಗಿಸಿ, ಅಕ್ಕನ ಕಡೆ ತಿರುಗಿದ.

"ಇನ್ನೂ ಎಷ್ಟೈತವ್ವ? ಮುಗಿಸು, ಕೇಳ್ತೀನಿ."

ಅಕ್ಕ ಓದಿದಳು. ಅಪ್ಪನ ಒದ್ದೆ ಅಂಗಿಯಿಂದ ಹಬೆ ಏಳುತ್ತಿತ್ತು. ಕೊನೆಯ ಸಾಲು ಮುಗಿದಾಗ ಅಪ್ಪ ಪ್ರಾರ್ಥನೆ ಮಾಡಲು ಕಣ್ಣು ಮುಚ್ಚಿದ. ಆದರೆ ಅವತ್ತು ಮಾತು ಬಾರದೆ ಹೋದದ್ದು ಅವನಿಗೇ. ಅಜ್ಜಿ "ಆಮೆನ್" ಎಂದುಬಿಟ್ಟಳು. ನಾವೆಲ್ಲ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಚಾಚಿ ಕೂಸನ್ನು ಎತ್ತಿಕೊಂಡು ಹೋಗುವಾಗ, "ನಾಳಿನೂ ಇಕಿನೇ ಓದ್ತಾಳೇನ್ರಿ? ಬರ್ತೀನಿ ನಾ" ಎಂದಳು. ಬಂದಳು ಕೂಡ.

ಅಕ್ಕನ ಉಗ್ಗು ಹೋಯಿತೇ ಎಂದು ನೀವು ಕೇಳುತ್ತೀರಿ. ಇಲ್ಲ, ಹೋಗಲಿಲ್ಲ. ಹಬ್ಬದ ದಿನ ಪಾದ್ರಿಗಳು ಸಭೆಯ ಮುಂದೆ ಓದು ಎಂದಾಗ ಅವಳು ಒಲ್ಲೆ ಎಂದಳು. ಮನೆಯಲ್ಲಿ ಮಾತ್ರ ಮತ್ತೆಂದೂ ನಿಲ್ಲಿಸಲಿಲ್ಲ. ಮುಂದೆ ಶಾಲೆಯಲ್ಲಿ ಒಂದು ದಿನ ತಾನೇ ಎದ್ದು ನಿಂತು, "ಸಾರ್, ನ... ನಾನೂ ಓದ್ತೀನಿ" ಎಂದಳಂತೆ. ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತು ಅವಳ ಓದನ್ನು ಕೊನೆಯವರೆಗೂ ಕೇಳಿದರಂತೆ.

ಈಗ ಅಕ್ಕ ಹಡಗಲಿಯಲ್ಲಿದ್ದಾಳೆ. ಮೊಣಕಾಲು ನೋವು, ಬಸ್ ಹತ್ತಲಾಗುವುದಿಲ್ಲ. ನಿಮ್ಮ ಮನೆಯಲ್ಲಿ ಬಟನ್ ಒತ್ತಿದರೆ ದೀಪ ಹತ್ತುತ್ತದೆ. ಮೊಬೈಲಿನಲ್ಲಿ ಸತ್ಯವೇದವೂ ಇದೆ, ಅದನ್ನು ಓದಿ ಹೇಳುವ ದನಿಯೂ ಇದೆ. ಆ ದನಿ ಎಲ್ಲಿಯೂ ತಡವರಿಸುವುದಿಲ್ಲ, ಕೆಮ್ಮುವುದಿಲ್ಲ, ಕಣ್ಣೀರು ಹಾಕುವುದಿಲ್ಲ. ಅರ್ಧ ಅಧ್ಯಾಯ ಆಗುವಷ್ಟರಲ್ಲಿ ನಿಮಗೆ ತೂಕಡಿಕೆ ಬರುತ್ತದೆ. ಅದಕ್ಕೇ ನಾನು ಡಿಸೆಂಬರ್ ಒಂದನೇ ತಾರೀಖು ಸಂಜೆ ನಿಮ್ಮನ್ನೆಲ್ಲ ಕೂಡಿಸಿ ನಿಮ್ಮ ದೊಡ್ಡಜ್ಜಿಗೆ, ಅಂದರೆ ನನ್ನ ಅಕ್ಕನಿಗೆ, ವಿಡಿಯೋ ಕಾಲ್ ಮಾಡಿಸುವುದು. ಅವಳು ಕನ್ನಡಕ ಏರಿಸಿಕೊಂಡು ಲೂಕನ ಮೊದಲನೇ ಅಧ್ಯಾಯ ಓದುತ್ತಾಳೆ. ನಡುವೆ ಒಂದು ಹೆಸರಿನ ಹತ್ತಿರ ಅವಳ ದನಿ ನಿಲ್ಲುತ್ತದೆ, ತೆರೆದ ಬಾಯಿ ತೆರೆದಂತೆಯೇ ಇರುತ್ತದೆ. ನೀವು ನೆಟ್‌ವರ್ಕ್ ಹೋಯಿತೆಂದು ಫೋನು ಎತ್ತಿ ಅಲ್ಲಾಡಿಸುತ್ತೀರಿ.

ನೆಟ್‌ವರ್ಕ್ ಎಲ್ಲಿಗೂ ಹೋಗಿಲ್ಲ ಮಕ್ಕಳೇ. ಫೋನು ಕೆಳಗಿಡಿ. ನಿಮ್ಮ ದೊಡ್ಡಜ್ಜಿ ಆ ಹೆಸರು ಹೇಳುವವರೆಗೆ ಹಾಗೇ ಅವಳ ಮುಖ ನೋಡುತ್ತಾ ಕೂತಿರಿ.